ಪಿಗ್ಮಿ ಕಲೆಕ್ಟರಿಂದ ಫಂಡ್ ಏಜೆಂಟ್‌ವರೆಗೆ: ಸೈನ್ ಹಾಕುವ ಮೊದ್ಲು ಎಂತ ಕೇಳ್ಬೇಕು

ನಮ್ಮ ಉಡುಪಿಯವರಿಗೆ ಏಜೆಂಟ್ ಅಂದ್ರೆ ಹೊಸತೆಂತ ಅಲ್ಲ ಮಾರಾಯ್ರೆ. 1928ರಲ್ಲೇ ಪಿಗ್ಮಿ ಶುರುವಾಗಿತ್ತು, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಆಯ್ತಲ್ಲ ಅವರದ್ದು, ಬ್ಯಾಂಕಿನ ಮೆಟ್ಲು ಹತ್ತದವ್ರು ಸಹ ದಿನಾ ಎರಡಾಣೆ ಕಟ್ಟಿದ್ರು, ಯಾಕಂದ್ರೆ ಗುರ್ತದವ ಬಾಗಿಲಿಗೇ ಬರ್ತಿದ್ದ. ಷೇರು, ಮ್ಯೂಚುವಲ್ ಫಂಡಿಗೂ ನಮ್ಮ ಜನ ಬರುದು ಹಾಗೆಯೇ, ಕರ್ಕೊಂಡು ಹೋಗುವವ ಯಾರು ಅಂತ ನೋಡಿ. ಆದ್ರೆ ಅವ ಯಾರು ಅನ್ನುದ್ರ ಮೇಲೆ ನೀವು ಎಂತ ತಗೊಳ್ತೀರಿ ಅನ್ನುದೂ ಹೋಗ್ತದೆ.

ಹಾಗಾಗಿ ಮೊದ್ಲು ಕೇಳ್ಬೇಕಾದ್ದು, "ನಿಮಗೆ ದುಡ್ಡು ಕೊಡುದು ಯಾರು?" ನಾಚಿಕೆ ಬೇಡ. ಫಂಡ್ ಡಿಸ್ಟ್ರಿಬ್ಯೂಟರ್ ಆದ್ರೆ ಎಆರ್‌ಎನ್ ನಂಬರ್ (ಫಂಡ್ ಮಾರ್ಲಿಕ್ಕೆ ಬೇಕಾದ ನೋಂದಣಿ ಸಂಖ್ಯೆ) ಇರ್ಬೇಕು, ಅವರಿಗೆ ಕಮಿಷನ್ ಕೊಡುದು ಫಂಡ್ ಕಂಪೆನಿ, ಆದ್ರೆ ಅದು ಹೋಗುದು ನಿಮ್ಮ ದುಡ್ಡಿಂದ್ಲೇ, ರೆಗ್ಯುಲರ್ ಪ್ಲಾನ್ ಅಂದ್ರೆ ಅದೇ. 2013ರಿಂದ ಡೈರೆಕ್ಟ್ ಪ್ಲಾನ್ ಸಹ ಉಂಟು, ಅದ್ರಲ್ಲಿ ಕಮಿಷನ್ ಇಲ್ಲ. ತಿಂಗ್ಳಿಗೆ 5,000 ಎಸ್‌ಐಪಿ (ಫಂಡಿಗೆ ತಿಂಗ್ಳು ತಿಂಗ್ಳು ಕಟ್ಟುದು) 20 ವರ್ಷ ಹಾಕಿದ್ರಿ ಅಂತ ಇಟ್ಕೊಳ್ಳಿ, 12% ಬಂದ್ರೆ ಸುಮಾರು 50 ಲಕ್ಷ, ಕಮಿಷನ್ನಿಗೆ ಒಂದು ಪರ್ಸೆಂಟ್ ಹೋಗಿ 11% ಬಂದ್ರೆ 44 ಲಕ್ಷದ ಹತ್ರ. ಒಂದು ಪರ್ಸೆಂಟಿಗೆ ಆರು ಲಕ್ಷ!

ಬ್ಯಾಂಕಲ್ಲಿ ಇನ್ನೂ ಜಾಗ್ರತೆ. ನಮ್ಮ ಅಮ್ಮ ಎಫ್‌ಡಿ ರಿನ್ಯೂ ಮಾಡ್ಲಿಕ್ಕೆ ಹೋದವ್ರು ಯುಲಿಪ್ (ದುಡ್ಡಿನ ಒಂದು ಪಾಲು ಮಾರ್ಕೆಟಿಗೆ ಹಾಕುವ ವಿಮೆ ಪಾಲಿಸಿ) ಹಿಡ್ಕೊಂಡು ಬಂದ್ರು, ಕೇಳಿದ್ರೆ "ಅದೂ ಎಫ್‌ಡಿ ಹಾಗೆಯೇ ಅಂತ ಹೇಳಿದ್ರಲ್ಲ" ಅಂತ. ನಿಮಗೂ ಹೀಗಾದ್ರೆ ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಮಾಡ್ಲಿಕ್ಕಾಗ್ತದೆ, ಫ್ರೀ ಲುಕ್ ಅಂತ ಕೇಳಿ, ಬರವಣಿಗೆಯಲ್ಲೇ ಕೊಡಿ.

ಆ್ಯಪ್ ಬ್ರೋಕರ್‌ಗಳದ್ದು ಬೇರೆ ಕಥೆ. ಅಕೌಂಟ್ ಓಪನ್ ಮಾಡುದು ಸುಲಭ, ಆದ್ರೆ ನೀವು ಟ್ರೇಡ್ ಮಾಡಿದಷ್ಟೂ ಅವರಿಗೆ ಲಾಭ, ಸುಮ್ನೆ ಕೂತ್ರೆ ಇಲ್ಲ. ಎಫ್ ಆ್ಯಂಡ್ ಓ (ಫ್ಯೂಚರ್ಸ್ ಆ್ಯಂಡ್ ಆಪ್ಷನ್ಸ್, ಬೆಲೆ ಮುಂದೆ ಏರ್ತದೋ ಇಳೀತದೋ ಅಂತ ಬಾಜಿ ಕಟ್ಟಿದ ಹಾಗೆ) ಬಟನ್ ಒತ್ತುವ ಮೊದ್ಲು ಷೇರು ಮಾರ್ಕೆಟ್ ನೋಡ್ಕೊಳ್ಳುವ ಸಂಸ್ಥೆ ಸೆಬಿಯ ಲೆಕ್ಕ ನೋಡಿ, 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷದಲ್ಲಿ ಅದ್ರಲ್ಲಿ ಆಡಿದ ಸಾಮಾನ್ಯ ಜನರಲ್ಲಿ 93% ಮಂದಿ ಕಳ್ಕೊಂಡಿದ್ದಾರೆ. ವಾಟ್ಸಾಪ್ ಗ್ರೂಪಲ್ಲಿ ಟಿಪ್ಸ್ ಕೊಡುವವನ ಸೆಬಿ ನೋಂದಣಿ ನಂಬರ್ ಸೆಬಿ ಸೈಟಲ್ಲೇ ಹುಡ್ಕಿ, ಸಿಗದಿದ್ರೆ ಬ್ಲಾಕ್ ಮಾಡಿ ಆಯ್ತು.

ಮತ್ತೆ ನಿಮ್ಮ ಎಲ್ಲ ಫಂಡಿನ ಲೆಕ್ಕ ಒಟ್ಟಿಗೆ ಇರುವ ಸಿಎಎಸ್ ಸ್ಟೇಟ್‌ಮೆಂಟ್ ಬರ್ತದಲ್ಲ, ಆರು ತಿಂಗ್ಳಿಗೊಮ್ಮೆ ಬರುದ್ರಲ್ಲಿ ಡಿಸ್ಟ್ರಿಬ್ಯೂಟರಿಗೆ ಎಷ್ಟು ಹೋಯ್ತು ಅಂತ ರೂಪಾಯಿಲೇ ಇರ್ತದೆ. ಕಾಪುವಿನ ನಮ್ಮ ಚಿಕ್ಕಮ್ಮನಿಗೆ ಅದನ್ನು ತೋರಿಸಿ ಡೈರೆಕ್ಟಿಗೆ ಬದಲ್ಸಿ ಅಂದೆ. ಕೇಳ್ಲಿಲ್ಲ. "2020 ಮಾರ್ಚಲ್ಲಿ ಮಾರ್ಕೆಟ್ ಬಿದ್ದಾಗ ಎಸ್‌ಐಪಿ ನಿಲ್ಲಿಸ್ಬೇಡಿ ಅಂತ ನಾಲ್ಕು ಸಲ ಫೋನ್ ಮಾಡಿದ್ದು ಅವನೇ, ನೀನಲ್ಲ" ಅಂತ ಹೇಳಿ ಚಾ ಮಾಡ್ಲಿಕ್ಕೆ ಹೋದ್ರು.