ಸೈಟ್ ನಂಬರು, ಚದರಡಿ, ಗುಂಟೆ: ಲೇಔಟ್ ನಕ್ಷೆಗೆ ಬರೆದುಕೊಂಡ 60 ಸಾಲಿನ ಲಿಸ್ಪ್

ಮೈಸೂರಿನ ಬೋಗಾದಿ ಕಡೆಯದಿರಲಿ, ಇಲವಾಲದ ಕಡೆಯದಿರಲಿ, ಲೇಔಟ್ ನಕ್ಷೆಯಲ್ಲಿ ಮೂರು ಲೆಕ್ಕ ಒಟ್ಟಿಗೇ ನಡೆಯುತ್ತವೆ. ಪಹಣಿ ಎಕರೆ-ಗುಂಟೆಯಲ್ಲಿ, ಟೋಟಲ್ ಸ್ಟೇಷನ್ ಉಪಕರಣದ ಸರ್ವೆ ಮೀಟರಿನಲ್ಲಿ, ಸೈಟ್ ಕೊಳ್ಳುವವರ ಮಾತು ಚದರಡಿಯಲ್ಲಿ. 200 ಸೈಟಿಗೆ ಒಂದೊಂದಾಗಿ ಏರಿಯಾ ನೋಡಿ, ಕ್ಯಾಲ್ಕುಲೇಟರಿನಲ್ಲಿ ಗುಣಿಸಿ, ಟೆಕ್ಸ್ಟ್ ಹಾಕುತ್ತ ಕೂತರೆ ದಿನ ಹೋಗುತ್ತದೆ. ಸಂಜೆಗೆ ಒಂದೆರಡು ಸೈಟಿನಲ್ಲಿ ಪಕ್ಕದ ಸೈಟಿನ ಅಂಕಿ ಕೂತಿರುತ್ತದೆ. ಅದಕ್ಕೇ ನಕ್ಷೆ ಬರೆಯುವ ಆಟೋಕ್ಯಾಡಿನ ಒಳಗೇ ಇರುವ ಆಟೋಲಿಸ್ಪ್ ಭಾಷೆಯಲ್ಲಿ, ಸೈಟಿನ ನಂಬರು ಮತ್ತು ವಿಸ್ತೀರ್ಣವನ್ನು ತಾನೇ ಬರೆಯುವ ಒಂದು ಸಣ್ಣ ಕಮ್ಯಾಂಡ್ ಬರೆದುಕೊಂಡೆ. ಅಗ್ಗದ ಆವೃತ್ತಿಯಾದ ಆಟೋಕ್ಯಾಡ್ ಎಲ್‌ಟಿ ಇಟ್ಟುಕೊಂಡವರಿಗೂ 2024ರ ಆವೃತ್ತಿಯಿಂದ ಲಿಸ್ಪ್ ಓಡುತ್ತದೆ.

ಮೊದಲು ಸೈಟುಗಳಿಗೇ ಮೀಸಲಾದ ಒಂದು ಲೇಯರಿನಲ್ಲಿ ಪ್ರತಿ ಸೈಟೂ ಮುಚ್ಚಿದ ಪಾಲಿಲೈನ್ (ಒಂದೇ ವಸ್ತುವಾಗಿ ಜೋಡಿಸಿದ ಗೆರೆಗಳು) ಆಗಿರಬೇಕು. ವಸ್ತುವಿನ ಒಂದೊಂದು ಗುಣಕ್ಕೂ ಆಟೋಕ್ಯಾಡಿನಲ್ಲಿ ಒಂದು ಕೋಡ್ ನಂಬರು ಇರುತ್ತದೆ. ಆಯ್ಕೆಯ ಫಿಲ್ಟರಿನಲ್ಲಿ 70ನೇ ಕೋಡ್ 1 ಇದ್ದರೆ ಮುಚ್ಚಿದ್ದು ಎಂದು ಬರೆಯುವುದು ರೂಢಿ. ಆದರೆ ಲೈನ್‌ಟೈಪ್ ಜನರೇಷನ್ (ತುಂಡುಗೆರೆಯ ವಿನ್ಯಾಸ ಮೂಲೆಯಲ್ಲೂ ಮುಂದುವರಿಯುವ ಸೆಟ್ಟಿಂಗ್) ಆನ್ ಆಗಿರುವ ಪಾಲಿಲೈನಿನಲ್ಲಿ ಅದೇ ಕೋಡ್ 129 ಆಗಿರುತ್ತದೆ. ಆ ಸೈಟುಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ, ಎರರ್ ಕೂಡ ಬರುವುದಿಲ್ಲ. 70ರ ಮುಂದೆ ಮೈನಸ್ 4ರ ಕೋಡಿನಲ್ಲಿ ಆಂಪರ್ಸ್ಯಾಂಡ್ ಚಿಹ್ನೆ ಕೊಟ್ಟು ಬಿಟ್ ಹೋಲಿಕೆ ಮಾಡಿಸಿದರೆ ಎರಡೂ ಸಿಗುತ್ತವೆ.

ನಂಬರಿನ ಸಾಲು ಇನ್ನೊಂದು ತಲೆನೋವು. ವಿಂಡೋ ಹಾಕಿ ಆರಿಸಿದರೆ ಸಾಮಾನ್ಯವಾಗಿ ಕೊನೆಗೆ ಬರೆದ ಸೈಟ್ ಮೊದಲು ಬರುತ್ತದೆ, ರಸ್ತೆಯ ಸಾಲಿಗೂ ಅದಕ್ಕೂ ಸಂಬಂಧವಿಲ್ಲ. ನಾನು ಫೆನ್ಸ್ ಬಳಸುತ್ತೇನೆ: ಸಾಲಿನ ಈ ತುದಿಯಿಂದ ಆ ತುದಿಗೆ ಎರಡು ಪಾಯಿಂಟ್, ಗೆರೆ ದಾಟಿದ ಕ್ರಮದಲ್ಲೇ ನಂಬರು. ಇಡೀ ಸಾಲು ಪರದೆಯಲ್ಲಿ ಕಾಣುವಂತೆ ಜೂಮ್ ಇರಲಿ, ಹೊರಗಿದ್ದದ್ದು ತಪ್ಪಿಹೋಗಬಹುದು.

ವಿಸ್ತೀರ್ಣವನ್ನು ಮೂಲೆಗಳ ನಿರ್ದೇಶಾಂಕದಿಂದ ಲೆಕ್ಕ ಹಾಕಬೇಡಿ. ಮೂಲೆ ಸೈಟಿನ ತಿರುವು ಆರ್ಕ್ (ಬಾಗಿದ ಕಮಾನು ಗೆರೆ) ಆಗಿರುತ್ತದೆ, ಆ ಲೆಕ್ಕ ಅದನ್ನು ನೇರ ಗೆರೆ ಎಂದುಕೊಳ್ಳುತ್ತದೆ. 3 ಮೀಟರ್ ತ್ರಿಜ್ಯದ ಲಂಬಕೋನದ ತಿರುವಿದ್ದರೆ ಸುಮಾರು 28 ಚದರಡಿ ಕಡಿಮೆ ಬರುತ್ತದೆ. ಪಾಲಿಲೈನಿನ ಏರಿಯಾವನ್ನೇ ಕೇಳುವ ವಿಎಲ್‌ಎಎಕ್ಸ್-ಕರ್ವ್-ಗೆಟ್‌ಏರಿಯಾ ಆರ್ಕನ್ನೂ ಸೇರಿಸಿಕೊಳ್ಳುತ್ತದೆ. ಅದಕ್ಕೂ ಮೊದಲು ವಿಎಲ್-ಲೋಡ್-ಕಾಮ್ ಒಮ್ಮೆ ಕರೆದಿರಬೇಕು.

ಬಂದ ಚದರ ಮೀಟರನ್ನು 10.764ರಿಂದ ಗುಣಿಸಿದರೆ ಚದರಡಿ. 9×12 ಮೀಟರ್ ಸೈಟಿಗೆ 1162.5 ಬರುತ್ತದೆ, 1200 ಅಲ್ಲ. ಎಲ್ಲರೂ ಅದನ್ನು 30×40 ಎಂದೇ ಕರೆಯುತ್ತಾರೆ. ಬಾಯಿ ಮಾತು ಹಾಗಿರಲಿ, ನಕ್ಷೆಯಲ್ಲಿ ಲೆಕ್ಕಕ್ಕೆ ಬಂದದ್ದನ್ನೇ ಬರೆಯಿರಿ.

ಜಮೀನಿನ ಒಟ್ಟು ವಿಸ್ತೀರ್ಣಕ್ಕೆ ಮಾತ್ರ ಗುಂಟೆ ಬೇಕು: 101.17ರಿಂದ ಭಾಗಿಸಿ, 40ಕ್ಕೆ ಒಂದು ಎಕರೆ. ಪಹಣಿಯ 2-20 ಎಂದರೆ ಎರಡೂವರೆ ಎಕರೆ, ಅದನ್ನು 2.20 ಎಂದು ಓದಿಕೊಂಡು ತಾಳೆ ನೋಡಿದರೆ 12 ಗುಂಟೆ ಮಾಯ. ಇನ್ನೊಂದು ಗುಂಡಿ: ಒಂದು ಎಕರೆಯ ಮೇಲೆ ಉಳಿದ ಗುಂಟೆ 39.7 ಇದ್ದಾಗ ಪೂರ್ಣಾಂಕ ಮಾಡಿದರೆ 1-40 ಎಂದು ಅಚ್ಚಾಗುತ್ತದೆ. ಮೊದಲು ಒಟ್ಟು ಗುಂಟೆಯನ್ನು ಪೂರ್ಣಾಂಕ ಮಾಡಿ, ಆಮೇಲೆ 40ರಿಂದ ಭಾಗಿಸಿದರೆ 2-00 ಸರಿಯಾಗಿ ಬರುತ್ತದೆ. ಲಿಸ್ಪಿನಲ್ಲಿ ಎರಡೂ ಪೂರ್ಣಾಂಕವಾದರೆ ಭಾಗಲಬ್ಧವೂ ಪೂರ್ಣಾಂಕವೇ. ಇಲ್ಲಿ ಅದೇ ಬೇಕು. ಬೇರೆ ಕಡೆ 40.0 ಎಂದು ಬರೆಯದಿದ್ದರೆ ದಶಮಾಂಶ ಬಿದ್ದುಹೋಗುತ್ತದೆ. 111.50 ಎಂದು ಬರಬೇಕಾದದ್ದು 111.5 ಎಂದು ಬಂದರೆ ಕಾರಣ ಡಿಮ್‌ಝಿನ್ ಎಂಬ ಸೆಟ್ಟಿಂಗ್: ಅದು 8 ಇದ್ದಾಗ, ಸಂಖ್ಯೆಯನ್ನು ಅಕ್ಷರ ಮಾಡುವ ಆರ್‌ಟಿಒಎಸ್ ಫಂಕ್ಷನ್ ಕೊನೆಯ ಸೊನ್ನೆಯನ್ನು ನುಂಗುತ್ತದೆ.

ಟೆಕ್ಸ್ಟ್ ಹಾಕಲು ಮೊದಮೊದಲು, ಆಟೋಕ್ಯಾಡಿನ ಕಮ್ಯಾಂಡನ್ನು ಲಿಸ್ಪಿನಿಂದ ಓಡಿಸುವ ಕಮ್ಯಾಂಡ್ ಫಂಕ್ಷನ್ ಬಳಸುತ್ತಿದ್ದೆ, ಈಗ ಬಿಟ್ಟಿದ್ದೇನೆ. ಹತ್ತಿರದ ಬಿಂದುವಿಗೆ ತಾನೇ ಅಂಟುವ ಆಸ್ನ್ಯಾಪ್ ಆನ್ ಇದ್ದರೆ ಟೆಕ್ಸ್ಟ್ ಹತ್ತಿರದ ಮೂಲೆಗೆ ಹಾರುತ್ತದೆ. ಟೆಕ್ಸ್ಟ್ ಸ್ಟೈಲಿನಲ್ಲೇ ಎತ್ತರ ನಿಗದಿಯಾಗಿದ್ದರೆ ಕಮ್ಯಾಂಡ್ ಎತ್ತರವನ್ನು ಕೇಳುವುದೇ ಇಲ್ಲ. ಆಗ ನಾವು ಕೊಟ್ಟ ಎತ್ತರ ಕೋನವಾಗಿ, ಕೋನ ಅಕ್ಷರವಾಗಿ ಹೋಗಿ, ಸೈಟ್ ತುಂಬ 0 ಎಂದು ಬರೆದಿರುತ್ತದೆ. ವಸ್ತುವನ್ನು ನೇರವಾಗಿ ಸೃಷ್ಟಿಸುವ ಎಂಟ್‌ಮೇಕ್ ಈ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ, ವೇಗವೂ ಹೆಚ್ಚು. ನಟ್ಟನಡುವೆ ಕೂರಿಸಲು ಕೋಡ್ 72ಕ್ಕೆ 1, 73ಕ್ಕೆ 2 ಕೊಟ್ಟು, ಬಿಂದುವನ್ನು 10ರಲ್ಲೂ 11ರಲ್ಲೂ ಕೊಡಿ. 11 ಮರೆತರೆ ಟೆಕ್ಸ್ಟ್ ಮೂಲಬಿಂದುವಿಗೆ ಹೋಗಿ ರಾಶಿ ಬೀಳುತ್ತದೆ. ಕನ್ನಡ ಅಕ್ಷರ ಬೇಕಿದ್ದರೆ ಸ್ಟೈಲಿಗೆ ತುಂಗಾ ಅಥವಾ ನಿರ್ಮಲಾ ಯುಐ ಇರಲಿ. ಆಟೋಕ್ಯಾಡಿನದೇ ಎಸ್‌ಎಚ್‌ಎಕ್ಸ್ ಫಾಂಟಿನಲ್ಲಿ ಬರುವುದು ಬರೀ ಪ್ರಶ್ನಾರ್ಥಕ ಚಿಹ್ನೆ.

ಕಮ್ಯಾಂಡ್ ಫಂಕ್ಷನ್ನೇ ಬೇಕೆನ್ನುವವರು ಆಸ್ನ್ಯಾಪಿನ ಸೆಟ್ಟಿಂಗ್ ಆದ ಆಸ್‌ಮೋಡನ್ನು ಮೊದಲು ಉಳಿಸಿ, ಸೊನ್ನೆ ಮಾಡಿ, ಕೊನೆಗೆ ವಾಪಸ್ ಇಡಿ. ಎರರ್ ಫಂಕ್ಷನ್ನಿನಲ್ಲೂ ವಾಪಸ್ ಇಡಬೇಕು. ಇಲ್ಲವಾದರೆ ಮಧ್ಯೆ ಎಸ್ಕೇಪ್ ಒತ್ತಿದವರು ಆಮೇಲೆ ‘ಸ್ನ್ಯಾಪೇ ಹಿಡೀತಿಲ್ಲ ಸಾರ್’ ಎನ್ನುತ್ತ ಬರುತ್ತಾರೆ.

ಆಟೋಕ್ಯಾಡ್ ತೆರೆದಾಗಲೆಲ್ಲ ತಾನೇ ಲೋಡ್ ಆಗುವಂತೆ ಫೈಲನ್ನು ಆ್ಯಪ್‌ಲೋಡಿನ ಸ್ಟಾರ್ಟಪ್ ಸೂಟಿಗೆ ಸೇರಿಸಿ. ಫೋಲ್ಡರನ್ನು ಟ್ರಸ್ಟೆಡ್‌ಪಾತ್ಸ್‌ನಲ್ಲಿ ಬರೆದರೆ ಪ್ರತಿಸಲ ಬರುವ ಎಚ್ಚರಿಕೆ ನಿಲ್ಲುತ್ತದೆ. ಆ ಎಚ್ಚರಿಕೆ ಕೊಡುವ ಸೆಕ್ಯೂರ್‌ಲೋಡನ್ನು ಮಾತ್ರ ಸೊನ್ನೆ ಮಾಡಬೇಡಿ.

ಕೊನೆಯ ಹತ್ತು ಸಾಲು ತಾಳೆ ನೋಡಲು. ಸೈಟ್, ರಸ್ತೆ, ಪಾರ್ಕ್, ಸಿಎ (ನಾಗರಿಕ ಸೌಲಭ್ಯದ) ಜಾಗ ಎಲ್ಲ ಕೂಡಿಸಿ ಹೊರಗಿನ ಗಡಿಯ ವಿಸ್ತೀರ್ಣದಿಂದ ಕಳೆಯುತ್ತದೆ. ಮೊತ್ತ ಸರಿಯಾಗಿ ಒಂದು ಸೈಟಿನಷ್ಟು ಹೆಚ್ಚು ಬಂದರೆ ಎಲ್ಲೋ ಪಾಲಿಲೈನ್ ಮೇಲೆ ಪಾಲಿಲೈನ್ ಕೂತಿದೆ ಎಂದರ್ಥ, ಅಲ್ಲಿ ಎರಡು ನಂಬರು ಒಂದರ ಮೇಲೊಂದು ಬಿದ್ದಿರುತ್ತವೆ. ಒಂದರ ಮೇಲೊಂದು ಕೂತದ್ದನ್ನು ಅಳಿಸುವ ಓವರ್‌ಕಿಲ್ ಕಮ್ಯಾಂಡ್ ಕೊಟ್ಟು, ನಂಬರು ಅಳಿಸಿ, ಮತ್ತೆ ಓಡಿಸಿ.