ಗುರುವಾರದ ನಂಬರ್

ನ್ಯೂಸ್ ಚಾನೆಲ್‌ನಲ್ಲಿ ನನ್ನ ಆಂಕರಿಂಗ್ ಶುರುವಾಗಿದ್ದು ಬೆಳಗ್ಗೆ ಆರರ ಬುಲೆಟಿನ್‌ನಿಂದ. ಮುಗಿದಿದ್ದೂ ಅಲ್ಲೇ. ನಡುವೆ ಸ್ವಲ್ಪ ಕಾಲ ರಾತ್ರಿ ಒಂಬತ್ತರ ಚರ್ಚೆ ನನ್ನದಾಗಿತ್ತು.

ಟೆಲಿಪ್ರಾಂಪ್ಟರ್ ನೋಡಿ ಓದುವುದನ್ನು ಯಾರಾದರೂ ಕಲಿಯಬಹುದು. ಅದು ಕೈಕೊಟ್ಟಾಗಲೂ ಬಾಯಿ ನಿಲ್ಲಬಾರದು, ಕಸುಬು ಇರೋದು ಅಲ್ಲಿ. ನಾನು ಪೇಪರಿನ ಒಂದು ಸುದ್ದಿ ಓದಿ, ಮಡಚಿಟ್ಟು, ಕನ್ನಡಿ ಮುಂದೆ ಐದು ನಿಮಿಷ ಅದನ್ನೇ ಹೇಳುತ್ತಿದ್ದೆ. ಹೆಂಡತಿ ನಗುತ್ತಿದ್ದಳು.

2019ರ ಜುಲೈ 23ರಂದು ಆ ಅಭ್ಯಾಸ ಕೈಹಿಡಿಯಿತು. ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತದ ದಿನ. ಮಧ್ಯಾಹ್ನ ಕೂತವನು ಎದ್ದಿದ್ದು ರಾತ್ರಿ. ಓದೋಕೆ ಸಾಲುಗಳೇ ಇರಲಿಲ್ಲ, ಸದನದ ದೃಶ್ಯ ಅಷ್ಟೇ. ಕಿವಿಯಲ್ಲಿ ಪ್ರೊಡ್ಯೂಸರ್ ದನಿ: "ಎಳೀರಿ ಸಾರ್, ಇನ್ನೂ ಎಳೀರಿ." ಎಳೆದೆ. 99ಕ್ಕೆ 105, ಸರ್ಕಾರ ಬಿತ್ತು ಅನ್ನುವಾಗ ಗಂಟಲು ಕಟ್ಟಿತ್ತು. ಮೇಲೆ ಕೋಟು, ಟೈ. ಮೇಜಿನ ಕೆಳಗೆ ಶೂ ಬಿಚ್ಚಿಟ್ಟು ಬರಿಗಾಲು.

ಅದಾದ ಮೇಲೆ ಒಂಬತ್ತರ ಚರ್ಚೆ ಸಿಕ್ಕಿತು. ಗುರುವಾರ ಬಾರ್ಕ್ ಸಂಸ್ಥೆಯ ರೇಟಿಂಗ್, ಅಂದರೆ ಯಾವ ಚಾನೆಲನ್ನು ಎಷ್ಟು ಜನ ನೋಡಿದರು ಅನ್ನುವ ಟಿಆರ್‌ಪಿ ಲೆಕ್ಕ, ಬರುತ್ತಿತ್ತು. ಜಗಳ ಹತ್ತಿದ ನಿಮಿಷಗಳಲ್ಲಿ ಗೆರೆ ಮೇಲಕ್ಕೆ, ವಿವರಣೆ ಶುರುವಾದರೆ ಕೆಳಕ್ಕೆ. ಅತಿಥಿಗಳನ್ನು ಕೂರಿಸುವಾಗಲೇ ಯಾರು ಮೊದಲು ಸಿಡಿಯುತ್ತಾರೆ ಅಂತ ಲೆಕ್ಕ ಹಾಕುತ್ತಿದ್ದೆ. ಸುಮ್ನೆ ಯಾಕೆ ಸುಳ್ಳು ಹೇಳಲಿ, ಮಜಾ ಬರುತ್ತಿತ್ತು. ನಂಬರ್ ಚೆನ್ನಾಗಿದ್ದರೆ ಕ್ಯಾಂಟೀನ್ ಹುಡುಗ ಕೂಡ ನನಗೇ ಮೊದಲು ಕಾಫಿ ತರುತ್ತಿದ್ದ.

2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಟಿಆರ್‌ಪಿ ಗೋಲ್‌ಮಾಲ್ ಕೇಸ್ ಎತ್ತಿದರು. ಬಾರ್ಕ್ ನ್ಯೂಸ್ ಚಾನೆಲ್‌ಗಳ ರೇಟಿಂಗ್ ನಿಲ್ಲಿಸಿತು. ಮತ್ತೆ ಬಂದಿದ್ದು 2022ರ ಮಾರ್ಚ್‌ನಲ್ಲಿ. ಕೋವಿಡ್‌ನಿಂದ ಜಾಹೀರಾತು ಬೇರೆ ಸೊರಗಿತ್ತು. "ನಿಮ್ಮೊಬ್ಬರ ಸಂಬಳಕ್ಕೆ ಮೂರು ಹುಡುಗರು ಬರ್ತಾರೆ" ಅಂದರು ಮೇಲಿನವರು. ತಿರುಗಿ ತೋರಿಸೋಕೆ ನನ್ನ ಕೈಯಲ್ಲಿ ಗುರುವಾರದ ಹಾಳೆ ಇರಲಿಲ್ಲ. ಬೇರೆ ಏನಿತ್ತು? ಫೀಲ್ಡಿಗೆ ಹೋಗೋದು ಬಿಟ್ಟು ವರ್ಷಗಳಾಗಿದ್ದವು. ಸುದ್ದಿ ಕೊಡುವವರ ಫೋನ್ ಬರುವುದೂ ನಿಂತಿತ್ತು. ಆ ತಪ್ಪು ನನ್ನದೇ ಅಲ್ವಾ?

ಮತ್ತೆ ಬೆಳಗ್ಗೆ ಆರಕ್ಕೆ ಹಾಕಿದರು. ಆರು ತಿಂಗಳು ಓದಿ ಬಿಟ್ಟೆ. ಈಗ ಡಬ್ಬಿಂಗ್ ಮಾಡುತ್ತೇನೆ.

ಮೊನ್ನೆ ಪೆಟ್ರೋಲ್ ಬಂಕಿನ ಹುಡುಗ ನನ್ನನ್ನೇ ದಿಟ್ಟಿಸಿ, "ಸಾರ್, ಟಿವೀಲಿ ಜಗಳ ಆಡ್ತಿದ್ರಲ್ಲ, ನೀವೇ ತಾನೆ?" ಅಂದ. ಹೌದಪ್ಪ ಅಂದೆ. ಐನೂರಕ್ಕೆ ಹಾಕಿಸಿಕೊಂಡು ಬಂದೆ.