ಮೂರು ಕೆಜಿ ಕೈಯಲ್ಲಿ, ಹಕ್ಕಿ ಕೊಂಬೆಯಲ್ಲಿ: ಟೆಲಿ ಲೆನ್ಸ್ ಹಿಡಿಯುವುದು ಹೇಗೆ?

ರಂಗನತಿಟ್ಟಿನ ದೋಣಿಯಲ್ಲಿ ಟ್ರೈಪಾಡ್ ಬಿಚ್ಚೋಕೆ ಜಾಗ ಎಲ್ಲಿರುತ್ತದೆ? ಪಕ್ಕದಲ್ಲಿ ಯಾರದ್ದೋ ಮಗು, ಮುಂದೆ ಇನ್ಯಾರದ್ದೋ ಬೆನ್ನು. ಕೈಯಲ್ಲೇ ಹಿಡಿದು ತೆಗೆಯಬೇಕು. ಮೊದಲ ಸಲ 200-500 ಎಂಎಂ ಟೆಲಿ ಲೆನ್ಸ್ (ದೂರದ್ದನ್ನು ಹತ್ತಿರ ತೋರಿಸುವ ಉದ್ದನೆಯ ಲೆನ್ಸ್) ಹೊತ್ತು ಹೋದಾಗ ಬಣ್ಣದ ಕೊಕ್ಕರೆಗಳ ಫೋಟೊ ಬೇಕಾದಷ್ಟು ತೆಗೆದೆ. ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ನೋಡಿದರೆ ಒಂದು ಕೊಕ್ಕರೆಗೂ ಕಣ್ಣು ನೆಟ್ಟಗಿಲ್ಲ. ಎಲ್ಲ ಶೇಕ್. ಲೆನ್ಸನ್ನೇ ಬೈದುಕೊಂಡೆ. ತಪ್ಪು ನನ್ನ ಎಡಗೈಯದಾಗಿತ್ತು.

ನಿಕಾನ್ 200-500 ಕಾಲರ್ (ಟ್ರೈಪಾಡ್‌ಗೆ ಕೂರಿಸಲು ಲೆನ್ಸ್ ಸುತ್ತ ಇರುವ ಬಳೆ) ಸೇರಿ 2.3 ಕೆಜಿ ತೂಗುತ್ತದೆ. ಸೋನಿ 200-600 ಕಾಲರ್ ಬಿಟ್ಟು 2.1 ಕೆಜಿ. ಕ್ಯಾಮೆರಾ ಬಾಡಿ ಸೇರಿದರೆ ಮೂರು ಕೆಜಿ ಹತ್ತಿರ ಅಂದುಕೊಳ್ಳಿ. ಮೂರು ಕೆಜಿ ಅಕ್ಕಿ ಹೊರುವುದು ದೊಡ್ಡ ಮಾತಲ್ಲ. ಅದನ್ನೇ ಕೈ ಚಾಚಿ ಅಲುಗದ ಹಾಗೆ ಹಿಡಿಯಿರಿ ನೋಡೋಣ, ಸ್ವಲ್ಪ ಹೊತ್ತಿಗೇ ತೋಳು ನಡುಗುತ್ತದೆ. ಹಾಗಾಗಿ ಭಾರವನ್ನು ತೋಳಿಗೆ ಬಿಡದೆ ಮೈಮೇಲೆ ಕೂರಿಸಿಕೊಳ್ಳಬೇಕು.

ತಕ್ಕಡಿ ನಿಲ್ಲುವ ಜಾಗ

ಮನೆಯಲ್ಲೇ ಶುರು ಮಾಡಿ. ಹಾಸಿಗೆಯ ಮೇಲೆ ಕೂತು, ಕ್ಯಾಮೆರಾ ಹಾಕಿದ ಲೆನ್ಸನ್ನು ಎಡ ಅಂಗೈ ಮೇಲಿಟ್ಟು ಹಿಂದೆ ಮುಂದೆ ಸರಿಸಿ. ಎರಡೂ ಕಡೆ ಸಮವಾಗಿ ನಿಲ್ಲುವ ಜಾಗ ಸಿಗುತ್ತದೆ. ನಿಮ್ಮ ಕೈ ಇರಬೇಕಾದ್ದು ಅಲ್ಲೇ. ಜೂಮ್ ಮಾಡಿದಾಗ ಮೂತಿ ಉದ್ದವಾಗುವ ಲೆನ್ಸ್ ಆದರೆ ಆ ಜಾಗವೂ ಮುಂದೆ ಹೋಗುತ್ತದೆ. ಅದಕ್ಕೇ ಪೂರ್ತಿ ಜೂಮ್ ಮಾಡಿ ಹುಡುಕಿ. ಸೋನಿ 200-600 ಒಳಗೇ ಜೂಮ್ ಆಗುತ್ತದೆ, ಈ ತಲೆನೋವಿಲ್ಲ.

ಕಾಲರ್‌ನ ಕಾಲು ಅಂಗೈಗೆ ಚುಚ್ಚುತ್ತಿದ್ದರೆ ಸ್ಕ್ರೂ ಸಡಿಲಿಸಿ ಮೇಲಕ್ಕೆ ತಿರುಗಿಸಿ. ಕತ್ತಿನ ಬೆಲ್ಟನ್ನು ಸಾಧ್ಯವಾದರೆ ಕ್ಯಾಮೆರಾ ಬದಲು ಈ ಕಾಲಿಗೇ ಹಾಕಿ. ಬರೀ ಬಾಡಿ ಹಿಡಿದು ಲೆನ್ಸ್ ತೂಗಾಡಿಸಿಕೊಂಡು ನಡೆದರೆ ಅಷ್ಟೂ ಭಾರ ಲೆನ್ಸ್ ಕ್ಯಾಮೆರಾಗೆ ಸೇರುವ ಮೌಂಟ್ ಮೇಲೆ ಬೀಳುತ್ತದೆ.

ಒಲೆಯ ಮೂರು ಕಲ್ಲು

ಎಡ ಅಂಗೈ ಆಕಾಶ ನೋಡುತ್ತಿರಲಿ. ಪ್ರಸಾದಕ್ಕೆ ಕೈ ಒಡ್ಡಿದ ಹಾಗೆ, ಎಡಗೈ ಅನ್ನೋದೊಂದೇ ವ್ಯತ್ಯಾಸ. ಮೊಣಕೈ ಎರಡೂ ಪಕ್ಕೆಗೆ ಅಂಟಿರಲಿ. ಕೋಳಿ ರೆಕ್ಕೆ ಬಿಚ್ಚಿದ ಹಾಗೆ ಎತ್ತಿದಿರೋ, ಕೆಲಸ ಕೆಟ್ಟಿತು. ಹುಬ್ಬು ವ್ಯೂಫೈಂಡರ್‌ಗೆ (ಕಣ್ಣಿಟ್ಟು ನೋಡುವ ಕಿಂಡಿಗೆ) ಒತ್ತಿಕೊಂಡಿರಲಿ. ಎರಡು ಮೊಣಕೈ, ಒಂದು ಹುಬ್ಬು: ಒಲೆಯ ಮೂರು ಕಲ್ಲಿನ ಹಾಗೆ ಕ್ಯಾಮೆರಾ ಭದ್ರವಾಗಿ ಕೂರುತ್ತದೆ. ಹಿಂದಿನ ಸ್ಕ್ರೀನ್ ನೋಡಿಕೊಂಡು ಕೈ ಚಾಚಿ ತೆಗೆಯುವುದು ಮೊಬೈಲ್‌ಗೆ ಸರಿ, ಇದಕ್ಕಲ್ಲ.

ಬಲಗೈಗೆ ಭಾರ ಹೊರಿಸಬೇಡಿ. ಅದು ಕ್ಯಾಮೆರಾವನ್ನು ಹಿಸುಕಿ ಹಿಡಿದಿದ್ದರೆ ಶಟರ್ ಒತ್ತುವಾಗ ಇಡೀ ಲೆನ್ಸ್ ಕುಲುಕುತ್ತದೆ. ನಿಂತು ತೆಗೆಯುವಾಗ ಎಡಗಾಲು ಅರ್ಧ ಹೆಜ್ಜೆ ಮುಂದೆ. ಕೂತರೆ ಮೊಣಕೈಯನ್ನು ಮಂಡಿಚಿಪ್ಪಿನ ಮೇಲೆ ಊರಬೇಡಿ, ಮೂಳೆಗೆ ಮೂಳೆ ಜಾರುತ್ತದೆ. ಮೊಣಕೈಗಿಂತ ಸ್ವಲ್ಪ ಮೇಲಿನ ಮಾಂಸದ ಭಾಗವನ್ನು ಮಂಡಿಗೆ ಆನಿಸಿ.

ದೋಣಿ ಬೇರೆ, ಜೀಪು ಬೇರೆ

ದೋಣಿಯ ಅಂಚಿಗೆ ಲೆನ್ಸ್ ತಾಗಿಸಬೇಡಿ. ಹುಟ್ಟಿನ ಪ್ರತಿ ಎಳೆತವೂ ನೇರ ಲೆನ್ಸಿಗೆ ಬರುತ್ತದೆ. ಅಲ್ಲಿ ನಿಮ್ಮ ಸೊಂಟವೇ ಸ್ಪ್ರಿಂಗು. ಅಂಬಿಗರು ಹುಟ್ಟು ನಿಲ್ಲಿಸಿದ ಗಳಿಗೆ ನೋಡಿ ಒತ್ತಿ.

ಕಬಿನಿ, ಬಂಡೀಪುರದ ಸಫಾರಿ ಜೀಪಿನಲ್ಲಿ ಬೀನ್ ಬ್ಯಾಗ್ ಇದ್ದರೆ ಕೈಗೆ ಬಿಡುವು. ದುಡ್ಡು ಕೊಟ್ಟೇ ತರಬೇಕೆಂದೇನಿಲ್ಲ. ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಎರಡು ಕೆಜಿ ಹುರುಳಿ ತುಂಬಿ ಹೊಲಿದರೆ ಆಯಿತು. ನನ್ನದು ಒಮ್ಮೆ ಮಳೆಗೆ ನೆನೆದು ಒಳಗೇ ಮೊಳಕೆ ಬಂದಿತ್ತು. ಮನೆಯವರು ಸಾರು ಮಾಡೋಣ ಅಂದರು! ಜೀಪಿನ ಕಂಬಿಯ ಮೇಲೆ ಚೀಲ, ಚೀಲದ ಮೇಲೆ ಲೆನ್ಸ್. ಆದರೆ ಎಂಜಿನ್ ಓಡುತ್ತಿದ್ದರೆ ಇದೆಲ್ಲ ಸುಮ್ನೆ. ‘ಅಣ್ಣಾ, ಒಂಚೂರು ಆಫ್ ಮಾಡಿ’ ಅಂತ ಡ್ರೈವರನ್ನು ಮೆಲ್ಲಗೆ ಕೇಳಿ.

ಬೆರಳು, ಉಸಿರು, ವೇಗ

500 ಎಂಎಂಗೆ ಶಟರ್ ವೇಗ ಕನಿಷ್ಠ 1/500 ಸೆಕೆಂಡ್ ಅನ್ನುವುದು ಹಳೇ ಲೆಕ್ಕ. ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಬಾಡಿಯಾದರೆ 1/800 ಇಡಿ. ಹಾರುವ ಹಕ್ಕಿಗೆ 1/2000 ಆದರೂ ಬೇಕು. ಬೆಳಕು ಸಾಲದಿದ್ದರೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ. ಫೋಟೊ ಸ್ವಲ್ಪ ತರಿತರಿಯಾದರೆ ಪರವಾಗಿಲ್ಲ, ಶೇಕ್ ಆದದ್ದನ್ನು ಏನು ಮಾಡುತ್ತೀರಿ? ಲೆನ್ಸಿನ ಸ್ಟೆಬಿಲೈಸೇಷನ್ ನಿಮ್ಮ ಕೈ ನಡುಕಕ್ಕೆ ಮದ್ದು, ಹಕ್ಕಿಯ ರೆಕ್ಕೆಗಲ್ಲ. ಬಟನ್ ಅರ್ಧ ಒತ್ತಿ, ಚಿತ್ರ ತೇಲಿ ನಿಂತ ಮೇಲೆ ಪೂರ್ತಿ ಒತ್ತಿ. ಉಸಿರು ಅರ್ಧ ಬಿಟ್ಟು, ತಡೆದು, ಮೂರು ನಾಲ್ಕು ಫೋಟೊ ಒಟ್ಟಿಗೆ ಹೊಡೆಯಿರಿ. ಮೊದಲನೆಯದಕ್ಕೆ ಬೆರಳಿನ ತಳ್ಳು ತಗಲಿರುತ್ತದೆ, ಎರಡನೆಯದೋ ಮೂರನೆಯದೋ ಚೆನ್ನಾಗಿ ಬರುವುದು ಜಾಸ್ತಿ.

ಆಮೇಲೆ ಇಳಿಸಿ ತೊಡೆಯ ಮೇಲಿಡಿ. ಹಕ್ಕಿ ಏನಾದರೂ ಮಾಡೀತು ಅಂತ ಹತ್ತು ನಿಮಿಷ ಕಣ್ಣಿಗೇ ಹಿಡಿದು ಕೂರುವವರಿದ್ದಾರೆ. ಅದು ಹಾರುವ ಹೊತ್ತಿಗೆ ಇವರ ಕೈ ಸೋತಿರುತ್ತದೆ.

ಅಭ್ಯಾಸಕ್ಕೆ ತಾರಸಿ ಸಾಕು. ಎದುರು ಮನೆಯ ನೀರಿನ ಟ್ಯಾಂಕ್ ಮೇಲಿನ ಅಕ್ಷರಕ್ಕೆ ಗುರಿಯಿಟ್ಟು 1/1000, 1/500, 1/250, 1/125ರಲ್ಲಿ ತಲಾ ಹತ್ತು ಫೋಟೊ ತೆಗೆಯಿರಿ. ಅಕ್ಷರ ಎಲ್ಲಿಂದ ಮಸುಕಾಗುತ್ತದೋ ನೋಡಿ, ಅದಕ್ಕಿಂತ ಒಂದು ಹಂತ ಮೇಲಿನದು ನಿಮ್ಮ ಕೈಯ ವೇಗ. ಎದುರು ಮನೆಯವರಿಗೆ ಮಾತ್ರ ಮೊದಲೇ ಹೇಳಿಬಿಡಿ. ಅಷ್ಟುದ್ದದ ಲೆನ್ಸ್ ತಮ್ಮ ಕಡೆ ತಿರುಗಿದರೆ ಯಾರಿಗಾದರೂ ಗಾಬರಿಯಾಗುತ್ತದೆ, ಅಲ್ವಾ?